ಎರಡು ರಾತ್ರಿಯ ವಸತಿಗೆ ಯಾರ ನೀರು?

ಹಾವೇರಿಯಿಂದ ಹಾನಗಲ್ಲಿನ ಮೂಲಕ ಶಿರಸಿಗೆ ಹೋಗುವ ರಸ್ತೆಯಲ್ಲಿ ಶುಕ್ರವಾರ ಸಂಜೆ ದನ ಹೊಡೆದುಕೊಂಡು ಮನೆಗೆ ತಿರುಗುವವರನ್ನು ಕೇಳಿರಿ. ವಾರದ ಆ ಒಂದು ಸಂಜೆ ರಸ್ತೆ ದಾಟುವುದು ಎಷ್ಟು ಕಷ್ಟವೆಂಬುದನ್ನು ಅವರು ಹೇಳುತ್ತಾರೆ. ನಗರಗಳಿಂದ ಹೊರಟ ಕಾರುಗಳು ಒಂದರ ಹಿಂದೊಂದು ಘಟ್ಟದ ಕಡೆಗೆ ಓಡುತ್ತಿರುತ್ತವೆ. ಭಾನುವಾರ ಸಂಜೆ ಅವೇ ಕಾರುಗಳು ತಿರುಗಿ ಬರುತ್ತವೆ. ನಡುವಿನ ಎರಡು ರಾತ್ರಿ ಎಲ್ಲಿ ತಂಗಬೇಕೆಂಬುದನ್ನು ಅವುಗಳಲ್ಲಿರುವವರು ಮನೆ ಬಿಡುವ ಮೊದಲೇ ತೀರ್ಮಾನಿಸಿರುತ್ತಾರೆ. ಮೊಬೈಲಿನ ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಈಜುಕೊಳ, ಬಿಳಿಯ ಹಾಸಿಗೆ ಕಂಡಿರುತ್ತದೆ, ಬೆಲೆ ಕಂಡಿರುತ್ತದೆ, ಹಿಂದೆ ಹೋಗಿ ಬಂದವರು ಕೊಟ್ಟ ನಕ್ಷತ್ರಗಳು ಕಂಡಿರುತ್ತವೆ. ಆ ಈಜುಕೊಳಕ್ಕೆ ನೀರು ಎಲ್ಲಿಂದ ಬಂದಿತು, ಆ ಗುಡ್ಡದ ತುದಿ ಸಮತಟ್ಟಾದುದು ಹೇಗೆ, ಶೌಚದ ನೀರು ಹರಿದು ಯಾರ ಬಾವಿಗೆ ಸೇರುತ್ತದೆ ಎಂಬುದು ಮಾತ್ರ ಯಾವ ಪರದೆಯ ಮೇಲೂ ಕಾಣುವುದಿಲ್ಲ.

ಎಲ್ಲಿ ತಂಗಬೇಕು ಎಂಬುದು ಹಣ ಕೊಡುವವನ ಸ್ವಂತ ವಿಷಯ, ಅದರಲ್ಲಿ ಮೂರನೆಯವರಿಗೇನು ಕೆಲಸ ಎಂದು ಕೇಳುವವರಿದ್ದಾರೆ. ನಮ್ಮ ಉತ್ತರ ಸ್ಪಷ್ಟವಾಗಿದೆ. ಕೋಣೆಗೆ ಹಣ ಕೊಡುವವನು ಅವನು. ಆದರೆ ಆ ಕೋಣೆಗೆ ನೀರು, ನೆಲ, ನೆರಳು ಮತ್ತು ಕಸ ಸುರಿಯುವ ತಗ್ಗು ಒದಗಿಸುವವರು ನಾವು. ವ್ಯವಹಾರದಲ್ಲಿ ನಮ್ಮ ಪಾಲೂ ಇರುವುದರಿಂದ ಮಾತನಾಡುವ ಹಕ್ಕೂ ನಮಗಿದೆ.

ಚಿಕ್ಕೇರೂರಿನಂಥ ಊರಿನಿಂದ ಈ ಮಾತು ಹೊರಡುವುದಕ್ಕೆ ಕಾರಣವಿದೆ. ನಾವು ಮಲೆನಾಡಿನ ಒಡಲಿನಲ್ಲಿಲ್ಲ, ಅದರ ಸೆರಗಿನಲ್ಲಿದ್ದೇವೆ. ಪಶ್ಚಿಮಕ್ಕೆ ಆನವಟ್ಟಿ, ಸೊರಬದ ಕಾನುಗಳು. ಪೂರ್ವಕ್ಕೆ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿಯ ಬಯಲು. ಹಿರೇಕೆರೂರು, ಚಿಕ್ಕೇರೂರು ಎಂದು ಊರಿನ ಹೆಸರಿನಲ್ಲೇ ಕೆರೆಯನ್ನು ಹೊತ್ತುಕೊಂಡ ಸೀಮೆ ಇದು. ಕುಮುದ್ವತಿಯ ನೀರನ್ನು ಹಿಡಿದು ನಿಲ್ಲಿಸಿದ ಮದಗ ಮಾಸೂರಿನ ಕೆರೆಯಾಗಲಿ, ಹಾನಗಲ್ಲಿನ ಗದ್ದೆಗಳಿಗೆ ಹರಿಯುವ ಧರ್ಮಾ ನದಿಯ ಕಾಲುವೆಯಾಗಲಿ, ನಮ್ಮ ಬದುಕು ನಿಂತಿರುವುದು ಮೇಲಿನ ಗುಡ್ಡಗಳು ಮಳೆಯನ್ನು ಹೀರಿ ನಿಧಾನವಾಗಿ ಬಿಟ್ಟುಕೊಡುವುದರ ಮೇಲೆ. ಬೇಡ್ತಿಯ ನೀರನ್ನು ವರದೆಗೆ ತಿರುಗಿಸಬೇಕೇ ಬೇಡವೇ ಎಂದು ಬೆಟ್ಟದವರೂ ಬಯಲಿನವರೂ ಪರಸ್ಪರ ಬೈದುಕೊಳ್ಳುತ್ತಿರುವಾಗ, ಇಬ್ಬರ ನೀರಿನ ಮೂಲದ ಮೇಲೂ ಸದ್ದಿಲ್ಲದೆ ಕೋಣೆಗಳನ್ನು ಕಟ್ಟುತ್ತಿರುವ ಮೂರನೆಯವನ ಕಡೆಗೆ ಯಾರೂ ಬೆರಳು ತೋರಿಸುತ್ತಿಲ್ಲ.

ಇಂದಿಗೆ ನಮ್ಮದು ಪ್ರವಾಸಿಗರು ಹಾದುಹೋಗುವ ಸೀಮೆ. ನಾಳೆ ತಂಗುವ ಸೀಮೆಯಾಗುತ್ತದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ದಾಂಡೇಲಿ ಎಲ್ಲವೂ ಒಂದು ಕಾಲಕ್ಕೆ ಹೀಗೆಯೇ ಇದ್ದವು. ಅಲ್ಲಿ ನೆಲದ ಬೆಲೆ ಕೈಗೆಟುಕದಂತಾದಾಗ ಬಂಡವಾಳವು ಸೆರಗಿಗೆ ಇಳಿಯುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯು ಇದಕ್ಕೆ ಬಾಗಿಲನ್ನೂ ತೆರೆದಿಟ್ಟಿದೆ. ಕೃಷಿಕರಲ್ಲದವರು, ದೊಡ್ಡ ಆದಾಯವುಳ್ಳವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು ಆ ತಿದ್ದುಪಡಿ ತೆಗೆದುಹಾಕಿತು. ಹೊಸ ಉದ್ಯಮಶೀಲ ಯುವಕರು ಕೃಷಿಗೆ ಬರುತ್ತಾರೆಂದು ಆಗ ನಮಗೆ ಹೇಳಲಾಯಿತು. ಬಂದವರಲ್ಲಿ ನೇಗಿಲು ಹಿಡಿದವರೆಷ್ಟು, ತೋಟದ ಹೆಸರಿನಲ್ಲಿ ವಾರಾಂತ್ಯದ ಬಂಗಲೆ ಕಟ್ಟಿದವರೆಷ್ಟು ಎಂಬುದನ್ನು ಪ್ರತಿಯೊಂದು ಊರಿನವರೂ ತಮ್ಮ ತಮ್ಮ ಪಹಣಿ ತೆಗೆಸಿ ನೋಡಿಕೊಳ್ಳಬಹುದು.

ಈಗ 'ಹೋಂಸ್ಟೇ' ಎಂಬ ಮಾತಿಗೆ ಬರೋಣ. ಈ ಕಾಲದಲ್ಲಿ ಇದಕ್ಕಿಂತ ಹೆಚ್ಚು ದುರುಪಯೋಗವಾದ ಪದ ಇನ್ನೊಂದಿರಲಾರದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮದ ಪ್ರಕಾರ ಹೋಂಸ್ಟೇ ಎಂದರೆ ಒಂದರಿಂದ ಆರು ಕೋಣೆಗಳವರೆಗೆ ಅತಿಥಿಗಳಿಗೆ ಬಿಟ್ಟುಕೊಡುವ ಮನೆ. ಮನೆಯ ಒಡೆಯ ತನ್ನ ಕುಟುಂಬದೊಡನೆ ಅದರಲ್ಲಿಯೇ ವಾಸಿಸುತ್ತಿರಬೇಕು. ಈ ಅರ್ಥದಲ್ಲಿ ಹೋಂಸ್ಟೇ ಒಳ್ಳೆಯ ಕಲ್ಪನೆ, ಅದನ್ನು ನಾವು ವಿರೋಧಿಸುವುದಿಲ್ಲ. ಅಡಿಕೆಯ ಬೆಲೆ ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ, ಮನೆಯ ಒಂದು ಕೋಣೆಯನ್ನು ಅತಿಥಿಗೆ ಕೊಟ್ಟು ರೊಟ್ಟಿ ಬಡಿದುಹಾಕುವ ಕುಟುಂಬಕ್ಕೆ ಬರುವ ನಾಲ್ಕು ಕಾಸು ನ್ಯಾಯವಾದುದೇ. ಆ ಮನೆಯಲ್ಲಿ ಅತಿಥಿಯೂ ಮನೆಯವರೂ ಒಂದೇ ಬಾವಿಯ ನೀರನ್ನು ಕುಡಿಯುತ್ತಾರೆ. ಬಾವಿ ಕೆಟ್ಟರೆ ಮೊದಲು ಕೆಡುವುದು ಮನೆಯವರ ಹೊಟ್ಟೆ. ಆದುದರಿಂದ ಬಾವಿಯನ್ನು ಕಾಯುವ ಎಚ್ಚರವೂ ಅಲ್ಲಿರುತ್ತದೆ.

ಆದರೆ ಫಲಕದ ಮೇಲೆ ಹೋಂಸ್ಟೇ ಎಂದು ಬರೆದುಕೊಂಡಿರುವ ಕಟ್ಟಡಗಳಲ್ಲಿ ಎಷ್ಟರಲ್ಲಿ ಒಡೆಯ ಮಲಗುತ್ತಾನೆ? ಒಡೆಯನು ನಗರದಲ್ಲಿದ್ದಾನೆ, ನಡೆಸುವವನು ಗುತ್ತಿಗೆದಾರ, ಕೋಣೆ ಮಾರುವುದು ಎಲ್ಲಿಯೋ ಇರುವ ಕಂಪನಿಯ ಯಂತ್ರ, ಊರಿನ ಪಾಲಿಗೆ ಉಳಿಯುವುದು ಕಾವಲುಗಾರನ ಮತ್ತು ಪಾತ್ರೆ ತೊಳೆಯುವವಳ ಕೆಲಸ. ಕಾನು ಸವರಿ ಕಟ್ಟಿದ್ದಕ್ಕೆ ಕಾಡಿನ ಹೆಸರನ್ನೂ, ಹಳ್ಳ ಮುಚ್ಚಿ ಕಟ್ಟಿದ್ದಕ್ಕೆ ತೊರೆಯ ಹೆಸರನ್ನೂ ಇಡುವುದು ಇವರ ಪದ್ಧತಿ. ಹೀಗೆ ಹೆಸರಿಡುವಾಗಲಾದರೂ ಸ್ವಲ್ಪ ನಾಚಿಕೆ ಇರಬೇಕಿತ್ತು.

ನೀರಿನ ಲೆಕ್ಕವನ್ನು ಸಾವಕಾಶವಾಗಿ ನೋಡುವುದು ಅಗತ್ಯ. ಇಡೀ ವಾದದ ತಿರುಳು ಅಲ್ಲಿದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಗ್ರಾಮಾಂತರದ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರೆಂದು ನಿಗದಿಪಡಿಸಿತು. ದೊಡ್ಡ ನಗರದ ನಿವಾಸಿಗೆ ಸರ್ಕಾರಿ ಮಾನದಂಡ 135 ಲೀಟರ್. ನಮ್ಮ ದೇಹಕ್ಕೆ ನಗರದ ದೇಹಕ್ಕಿಂತ ಕಡಿಮೆ ಕೊಳೆ ಹತ್ತುತ್ತದೆಯೇ ಎಂದು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಇನ್ನೊಮ್ಮೆ ಕೇಳೋಣ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಸಾಧಾರಣ ಹೋಟೆಲಿನ ಅತಿಥಿಗೆ ತಲಾ 180 ಲೀಟರ್ ಬೇಕೆಂದೂ, ನಾಲ್ಕು ನಕ್ಷತ್ರ ಹಾಗೂ ಅದಕ್ಕೆ ಮೇಲ್ಪಟ್ಟ ಹೋಟೆಲಿನವನಿಗೆ 320 ಲೀಟರ್ ಬೇಕೆಂದೂ ಹೇಳುತ್ತದೆ. ಗುಡ್ಡದ ತುದಿಯಲ್ಲಿ ಇಪ್ಪತ್ತು ಕೋಣೆಗಳ ಒಂದು ರೆಸಾರ್ಟ್ ಇದೆಯೆಂದು ಭಾವಿಸಿರಿ. ಕೋಣೆಗೆ ಇಬ್ಬರಂತೆ ನಾಲ್ವತ್ತು ಜನ. ಸಾಧಾರಣ ಲೆಕ್ಕದಲ್ಲಿಯೇ ದಿನಕ್ಕೆ 7,200 ಲೀಟರ್ ಆಯಿತು. ಅಂದರೆ ಕೆಳಗಿನ ಊರಿನ 130 ಜನರ ಪಾಲಿನ ನೀರು. ಐಷಾರಾಮದ ಲೆಕ್ಕ ಹಿಡಿದರೆ 12,800 ಲೀಟರ್, 230ಕ್ಕೂ ಹೆಚ್ಚು ಜನರ ಪಾಲು. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಎದೆಮಟ್ಟದ ಒಂದು ಸಣ್ಣ ಈಜುಕೊಳ ತುಂಬಲು ಸುಮಾರು 60,000 ಲೀಟರ್ ಬೇಕು. ಒಂದು ಸಾವಿರಕ್ಕೂ ಹೆಚ್ಚು ಜನರಿರುವ ಊರೊಂದು ಒಂದು ದಿನವಿಡೀ ಕುಡಿದು, ತೊಳೆದು, ಅಡಿಗೆ ಮಾಡಿ ಮುಗಿಸುವಷ್ಟು ನೀರು ಅದು.

ಇದು ಜುಲೈ ತಿಂಗಳ ನೀರಾದರೆ ಯಾರಿಗೂ ಹೊಟ್ಟೆಯುರಿಯಿಲ್ಲ. ಆದರೆ ನಗರದ ಶಾಲೆಗಳಿಗೆ ರಜೆ ಬರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ನಮ್ಮ ಒರತೆಗಳು ಬತ್ತುವುದೂ ಆಗಲೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರವೇ ಘೋಷಿಸಿತ್ತು. ಮರುವರ್ಷದ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿತು. ಒಳ್ಳೆಯ ಆಜ್ಞೆಯೇ. ಅದೇ ಕಾರು ಅದೇ ವಾರ ಬೆಟ್ಟಕ್ಕೆ ಬಂದರೆ ಇಲ್ಲಿ ಅದನ್ನು ತೊಳೆಯಲು ದಂಡವಿಲ್ಲ. ಕೊಳವೆಬಾವಿ ಎಷ್ಟು ಆಳಕ್ಕೆ ಇಳಿದಿದೆಯೆಂದು ಕೇಳುವವರಿಲ್ಲ. ನಗರವು ತನ್ನ ನೀರಿಗೆ ಬೇಲಿ ಹಾಕಿಕೊಂಡು, ಬೇಲಿಯಿಲ್ಲದ ನಮ್ಮ ನೀರನ್ನು ಹುಡುಕಿಕೊಂಡು ಬರುತ್ತಿದೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ನೀರಿನಷ್ಟೇ ಮಾತು ನೆಲದ್ದೂ ಹೌದು. ನೋಟ ಚೆನ್ನಾಗಿರಬೇಕೆಂದರೆ ಕಟ್ಟಡ ಇಳಿಜಾರಿನ ಮೇಲಿರಬೇಕು. ಇಳಿಜಾರಿನ ಮೇಲೆ ಕಟ್ಟಬೇಕೆಂದರೆ ಜೆಸಿಬಿ ತಂದು ಗುಡ್ಡದ ಕಾಲನ್ನು ಕಡಿಯಬೇಕು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ, ಇಳಿಜಾರನ್ನು ಮನಬಂದಂತೆ ಕಡಿದುದನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಒಂದು ಪ್ರಮುಖ ಕಾರಣವಾಗಿ ಗುರುತಿಸಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ ಅಗಲಗೊಳಿಸಲು ಅದರ ಬುಡ ಕಡಿದ ಜಾಗದಲ್ಲಿ. ಅದಾದ ಎರಡೇ ವಾರಗಳಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆ ಮಣ್ಣಿನಡಿ ಹೂತುಹೋದವು. ಎಲ್ಲಕ್ಕೂ ಪ್ರವಾಸೋದ್ಯಮವೇ ಕಾರಣವೆಂದು ಹೇಳುವಷ್ಟು ಮೂರ್ಖರು ನಾವಲ್ಲ. ಅತಿಯಾದ ಮಳೆಯಿದೆ, ತೋಟಗಳ ವಿಸ್ತರಣೆಯಿದೆ, ಕಲ್ಲುಗಣಿಗಳಿವೆ. ಆದರೆ ಈಗಾಗಲೇ ಬಳಲಿದ ಗುಡ್ಡದ ಬೆನ್ನ ಮೇಲೆ ಇನ್ನೊಂದು ಮೂಟೆ ಹೊರಿಸುವವನು, ಮೊದಲಿನ ಮೂಟೆಗಳನ್ನು ತೋರಿಸಿ ತಪ್ಪಿಸಿಕೊಳ್ಳಲಾಗದು.

ಸರ್ಕಾರಗಳಿಗೆ ಇದು ತಿಳಿಯದೆ ಇಲ್ಲ. ಗಾಡ್ಗೀಳ್ ಸಮಿತಿ 2011ರಲ್ಲಿಯೂ ಕಸ್ತೂರಿರಂಗನ್ ಸಮಿತಿ 2013ರಲ್ಲಿಯೂ ವರದಿ ಕೊಟ್ಟವು. 2024ರ ಜುಲೈ 31ರಂದು, ವಯನಾಡಿನ ಹೆಣಗಳನ್ನು ಇನ್ನೂ ಹೊರತೆಗೆಯುತ್ತಿರುವಾಗ, ಕೇಂದ್ರವು ಆರನೆಯ ಸಲ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರಲ್ಲಿತ್ತು. ಸೆಪ್ಟೆಂಬರಿನಲ್ಲಿ ನಮ್ಮ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಬಡ ರೈತನನ್ನು ಒಕ್ಕಲೆಬ್ಬಿಸುತ್ತಾರೆಂಬ ಭೀತಿಯನ್ನು ಊರೂರಿಗೆ ಹಂಚಿದ್ದಾಗಿತ್ತು. ಆ ಕರಡನ್ನು ಓದಿದವರಿಗೆ ಗೊತ್ತು: ಅದು ನಿಷೇಧಿಸುವುದು ಗಣಿಯನ್ನು, ಕಲ್ಲುಕ್ವಾರಿಯನ್ನು, ಉಷ್ಣ ವಿದ್ಯುತ್ ಸ್ಥಾವರವನ್ನು, ಕೆಂಪು ವರ್ಗದ ಕಾರ್ಖಾನೆಗಳನ್ನು, 20,000 ಚದರ ಮೀಟರಿಗೆ ಮೇಲ್ಪಟ್ಟ ಹೊಸ ಕಟ್ಟಡ ಯೋಜನೆಗಳನ್ನು. ಯಾವ ಬಡ ರೈತ 20,000 ಚದರ ಮೀಟರಿನ ಮನೆ ಕಟ್ಟುತ್ತಾನೆ? ಅಷ್ಟೇಕೆ, ಅದಕ್ಕಿಂತ ಚಿಕ್ಕದಾದ ನೂರಾರು ರೆಸಾರ್ಟುಗಳನ್ನು ಆ ಕರಡು ನಿಷೇಧಿಸುವುದೂ ಇಲ್ಲ. ನಮ್ಮ ದೂರು ಅದು ಸಾಲದು ಎಂಬುದೇ ಹೊರತು ಅತಿಯಾಯಿತು ಎಂಬುದಲ್ಲ.

ನಿಯಂತ್ರಣವೆಂಬುದು ಇಂದು ಎಲ್ಲಿದೆ ನೋಡಿರಿ. 2024ರ ಜನವರಿ 26ರ ರಜೆಗೆ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಜನ ಇರುವೆಸಾಲಿನಂತೆ ನಿಂತ ಚಿತ್ರಗಳು ಬಂದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ತಡೆದು, ಆಮೇಲೆ ಮುಂಗಡ ನೋಂದಣಿಗೆ ಒಳಪಡಿಸಿತು. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರಿನಿಂದ ಹೊತ್ತಿಗೆ 600ರಂತೆ ವಾಹನಗಳನ್ನು ಎಣಿಸಿ ಬಿಡುವ ವ್ಯವಸ್ಥೆ ಬಂದಿತು. ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ ಊಟಿ ಮತ್ತು ಕೊಡೈಕೆನಾಲಿಗೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. 2025ರ ಏಪ್ರಿಲಿನಿಂದ ಊಟಿಗೆ ವಾರದ ದಿನ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿ ಬಂದಿತು. ಬಂದದ್ದು ಒಳ್ಳೆಯದೇ. ಆದರೆ ಇವೆಲ್ಲ ದಾರಿಯಲ್ಲಿ ನಿಂತು ಚಕ್ರ ಎಣಿಸುವ ಕೆಲಸ. ಹಾಸಿಗೆಗಳನ್ನು ಎಣಿಸುವವರು ಯಾರು? ಒಂದು ತಾಲ್ಲೂಕಿನ ನೀರು ಎಷ್ಟು ಅತಿಥಿಗಳನ್ನು ತಾಳಬಲ್ಲದು ಎಂಬ ಧಾರಣಾಶಕ್ತಿಯ ಲೆಕ್ಕ ಹಾಕದೆ ಕೋಣೆಗಳಿಗೆ ಪರವಾನಗಿ ಕೊಡುತ್ತಾ ಹೋಗಿ, ಕೋಣೆಗಳು ತುಂಬಿದ ಮೇಲೆ ರಸ್ತೆಯಲ್ಲಿ ಅಡ್ಡಗಟ್ಟೆ ಹಾಕುವುದು ಎಂಥ ಆಡಳಿತ?

ನ್ಯಾಯಾಲಯಗಳು ಬರುವುದಂತೂ ಗೋಡೆಗಳು ಎದ್ದ ಮೇಲೆ. ಹಂಪೆಯ ಎದುರು ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ಎದ್ದಿದ್ದ ಅನಧಿಕೃತ ರೆಸಾರ್ಟುಗಳ ತೆರವನ್ನು ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರವರಿ 11ರಂದು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಅವು ನೆಲಸಮವಾದವು. ನೀಲಗಿರಿಯ ಸಿಗೂರು ಪ್ರಸ್ಥಭೂಮಿಯ ಆನೆ ದಾರಿಯಲ್ಲಿದ್ದ ರೆಸಾರ್ಟುಗಳ ವಿರುದ್ಧ ಮದ್ರಾಸ್ ಉಚ್ಚ ನ್ಯಾಯಾಲಯ 2011ರಲ್ಲಿ ಕೊಟ್ಟ ತೀರ್ಪನ್ನು ಅದೇ ಸರ್ವೋಚ್ಚ ನ್ಯಾಯಾಲಯ 2020ರ ಅಕ್ಟೋಬರಿನಲ್ಲಿ ಸ್ಥಿರಪಡಿಸಿತು. ಒಂಬತ್ತು ವರ್ಷ! ಅಷ್ಟು ಕಾಲ ಆನೆ ಯಾವ ದಾರಿಯಲ್ಲಿ ನಡೆಯಬೇಕಾಗಿತ್ತು? ಇನ್ನೊಂದು ಸಂಗತಿಯನ್ನೂ ನಮ್ಮವರು ಮನಸ್ಸಿಗೆ ತಂದುಕೊಳ್ಳಬೇಕು. ಇಂಥ ತೆರವಿನ ದಿನ ಹಣ ಹೂಡಿದವನಿಗೆ ಇನ್ನೊಂದು ಗುಡ್ಡವಿರುತ್ತದೆ. ನೆಲ ಗುತ್ತಿಗೆ ಕೊಟ್ಟು ಬೇಸಾಯ ಮರೆತ ಸ್ಥಳೀಯನಿಗೆ ಮಾತ್ರ ಇನ್ನೊಂದು ನೆಲವಿರುವುದಿಲ್ಲ.

ಇದು ಹಿಂದುಳಿದ ಬೆಟ್ಟದವರ ಗೊಣಗಾಟವೆಂದು ಹೇಳುವವರು ಶ್ರೀಮಂತ ನಗರಗಳನ್ನು ನೋಡಲಿ. ಸ್ಪೇನಿನ ಬಾರ್ಸಿಲೋನಾದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಪರವಾನಗಿ ಪಡೆದ 10,101 ಮನೆಗಳಿವೆ. ಅವುಗಳ ಪರವಾನಗಿಯನ್ನು 2028ರ ನವೆಂಬರಿನೊಳಗೆ ಕೊನೆಗೊಳಿಸುವುದಾಗಿ ಅಲ್ಲಿನ ಮೇಯರ್ 2024ರ ಜೂನಿನಲ್ಲಿ ಪ್ರಕಟಿಸಿದರು. ಎರಡು ದಿನಕ್ಕೆಂದು ಬರುವವರಿಗೆ ಮನೆ ಕೊಟ್ಟು ಕೊಟ್ಟು ಊರಿನವರಿಗೆ ಬಾಡಿಗೆ ಮನೆಯೇ ಸಿಗದಂತಾದುದು ಕಾರಣ. ನ್ಯೂಯಾರ್ಕಿನಲ್ಲಿ 2023ರ ಸೆಪ್ಟೆಂಬರಿನಿಂದ, ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಾಡಿಗೆ ಕೊಡುವವನು ಹೆಸರು ನೋಂದಾಯಿಸಬೇಕು, ಅತಿಥಿಯಿರುವಾಗ ತಾನೂ ಆ ಮನೆಯಲ್ಲಿರಬೇಕು. ಒಡೆಯ ಮನೆಯಲ್ಲಿರಬೇಕೆಂಬ ನಿಯಮ ನಮ್ಮಲ್ಲಿ ಅವರಿಗಿಂತ ಮೊದಲೇ ಇತ್ತು. ಅವರು ಪಾಲಿಸಲು ಹೊರಟರು, ನಾವು ಕಾಗದದಲ್ಲಿಟ್ಟೆವು.

ಉದ್ಯೋಗದ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಊರಿನ ಹುಡುಗರು ಹುಬ್ಬಳ್ಳಿ, ಬೆಂಗಳೂರು, ಗೋವಾ ಸೇರುತ್ತಿರುವಾಗ ಯಾವ ಕೆಲಸ ಬಂದರೂ ಬರಲಿ ಎನ್ನುವ ತಂದೆತಾಯಿಯರನ್ನು ಹೀಗಳೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ಈ ಸೀಮೆಗೆ ಉದ್ಯೋಗದ ಹೆಸರಿನಲ್ಲಿ ಬಂದ ಮೊದಲ ಅತಿಥಿ ಇದಲ್ಲ. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಊರವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸಿ ಮತ್ತು ಡಿ ವರ್ಗದ 30,000 ಹೆಕ್ಟೇರ್ ಭೂಮಿಯನ್ನು ನೀಲಗಿರಿ ಬೆಳೆಸಲು ಕೊಡುವ ಏರ್ಪಾಡು ಅದು. ಪಾಳು ಬಿದ್ದ ಭೂಮಿ ಹಸಿರಾಗುತ್ತದೆ, ಕೂಲಿ ಸಿಗುತ್ತದೆ ಎಂದು ಆಗಲೂ ಹೇಳಿದರು. ಸಮಾಜ ಪರಿವರ್ತನ ಸಮುದಾಯದವರೂ ಶಿವರಾಮ ಕಾರಂತರೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಜನರು ಸಾಂಕೇತಿಕವಾಗಿ ನೀಲಗಿರಿಯ ಸಸಿ ಕಿತ್ತು, ಅದೇ ಕುಣಿಯಲ್ಲಿ ತಮಗೆ ಬೇಕಾದ ಗಿಡ ನೆಟ್ಟರು. ಕೆಲವೇ ವರ್ಷಗಳಲ್ಲಿ ಆ ಕಂಪನಿ ಮುಚ್ಚಬೇಕಾಯಿತು. ಕುಸನೂರು ನಮಗೆ ಇತಿಹಾಸದ ಪುಸ್ತಕದಲ್ಲಿರುವ ಊರಲ್ಲ, ನೆರೆಯ ಊರು. ಅಂದು 'ಪಾಳು' ಎಂದು ಕರೆಸಿಕೊಂಡ ಗಾಯರಾಣವನ್ನು ಇಂದು 'ಅನ್ವೇಷಿಸದ ತಾಣ' ಎಂದು ಕರೆಯುತ್ತಿದ್ದಾರೆ. ಯಾರದೂ ಅಲ್ಲದ್ದು ಎಂಬ ಅರ್ಥ ಎರಡರಲ್ಲೂ ಒಂದೇ.

ಆದುದರಿಂದ ಉದ್ಯೋಗದ ಮಾತು ತೆಗೆದವರಿಗೆ ಕೇಳಬೇಕಾದುದು ಇಷ್ಟು: ಕೋಣೆಯ ಬಾಡಿಗೆಯಲ್ಲಿ ಊರಿಗೆ ಉಳಿಯುವುದು ಎಷ್ಟು? ಅಕ್ಕಿ, ಬೇಳೆ, ಹಾಲು, ತರಕಾರಿ ಊರಿನ ಸಂತೆಯದೋ ನಗರದ ಗೋದಾಮಿನದೋ? ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಮಳೆಗಾಲದ ನಾಲ್ಕು ತಿಂಗಳೂ ಕೂಲಿ ಇದೆಯೋ? ಮನೆಯಲ್ಲಿಯೇ ಅತಿಥಿಯನ್ನಿಟ್ಟುಕೊಳ್ಳುವ ಕುಟುಂಬ ಈ ಪ್ರಶ್ನೆಗಳಿಗೆ ಅಂಜುವುದಿಲ್ಲ. ಅಂಜುವವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ವಸತಿ ಕೊಡುವುದು ಈ ನಾಡಿಗೆ ಹೊಸತೇ? ಇಲ್ಲಿಂದ ದೂರವಲ್ಲದ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವನ್ನು ವಿದ್ಯಾರ್ಥಿಗಳು ಪಾಠದಲ್ಲಿ ಕೇಳಿರಬಹುದು. ಅಧ್ಯಯನದ ನೆಲೆಯಾಗಿದ್ದ ಆ ಮಠವು ಬಡವರು, ಅನಾಥರು, ಕುಂಟರು, ಕುರುಡರು, ದೂರದಿಂದ ಬಂದ ಭಿಕ್ಷುಕರು ಎಲ್ಲರಿಗೂ ಅನ್ನವಿಕ್ಕುವ, ರೋಗಿಗಳಿಗೆ ಔಷಧ ಕೊಡುವ ತಾಣವೆಂದು ಅದು ವರ್ಣಿಸುತ್ತದೆ. ಆಮೇಲಿನ ಕಾಲದ ಛತ್ರ, ಧರ್ಮಶಾಲೆ, ಅರವಟ್ಟಿಗೆ, ಮುಸಾಫಿರಖಾನೆಗಳೂ ಅದೇ ವಂಶದವು. ಇವುಗಳನ್ನು ಹಾಡಿಹೊಗಳುವ ಉದ್ದೇಶ ನಮಗಿಲ್ಲ. ಎಷ್ಟೋ ಛತ್ರಗಳಲ್ಲಿ ಜಾತಿ ನೋಡಿ ಎಲೆ ಹಾಕುತ್ತಿದ್ದರು, ಅಂಗಳದಾಚೆಗೇ ನಿಲ್ಲಿಸುತ್ತಿದ್ದರು. ಆ ಪಂಕ್ತಿಭೇದ ಮತ್ತೆ ಬರಬೇಕಾಗಿಲ್ಲ. ಆದರೆ ದಾರಿಹೋಕನಿಗೆ ಸೂರು ಕೊಡುವುದು ಊರಿನ ಹೊಣೆ, ಅದು ಊರಿನ ಅಂಕೆಯಲ್ಲಿರಬೇಕು ಎಂಬ ತಿಳಿವಳಿಕೆಯನ್ನೂ ಅದರ ಜೊತೆಗೆ ಎಸೆಯಬೇಕಾಗಿರಲಿಲ್ಲ.

ಇದನ್ನು ಹೇಳಲು ಕಾರಣ ಇಂದಿನ ಇನ್ನೊಂದು ಮೆರವಣಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ತಾಯಂದಿರು, ಅಕ್ಕಂದಿರು ಸರ್ಕಾರಿ ಬಸ್ಸು ಹತ್ತಿ ಧರ್ಮಸ್ಥಳ, ಸವದತ್ತಿ, ಮೈಸೂರುಗಳನ್ನು ನೋಡಿ ಬಂದರು. ಜೀವಮಾನದಲ್ಲಿ ತಾಲ್ಲೂಕು ದಾಟದವರು ಅವರಲ್ಲಿದ್ದರು. ಅವರದೂ ಪ್ರವಾಸವೇ, ಅದೂ ಒಂದೆರಡು ರಾತ್ರಿಯದೇ. ಅವರು ತಂಗಿದ್ದು ಎಲ್ಲಿ? ದೇವಸ್ಥಾನದ ಪಡಸಾಲೆಯಲ್ಲಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಹೊಸ ಪ್ರವಾಸೋದ್ಯಮ ನೀತಿ ಬಂದಾಗಲೆಲ್ಲ ಹೋಟೆಲು, ರೆಸಾರ್ಟುಗಳಿಗೆ ಬಂಡವಾಳ ಹೂಡುವವರಿಗೆ ಸಹಾಯಧನ, ತೆರಿಗೆ ರಿಯಾಯಿತಿಗಳನ್ನು ಕಾಣುತ್ತೇವೆ. ಜಿಲ್ಲಾ ಕೇಂದ್ರಗಳಲ್ಲಿ ಹೆಣ್ಣುಮಕ್ಕಳು ನಿರ್ಭಯವಾಗಿ ಮಲಗಬಹುದಾದ, ಬಾಗಿಲಿಗೆ ಚಿಲಕವಿರುವ, ಬಚ್ಚಲಲ್ಲಿ ನೀರಿರುವ ಅಗ್ಗದ ಯಾತ್ರಿನಿವಾಸವನ್ನು ಕಟ್ಟಿಸುವುದು ಅದೇ ಹಣದಿಂದ ಸಾಧ್ಯವಿಲ್ಲವೇ? ಇರುವ ಪ್ರವಾಸಿ ಮಂದಿರಗಳ ಕೋಣೆಗಳು ಅಧಿಕಾರಿಗಳಿಗೂ ಶಾಸಕರಿಗೂ ಕಾಯುತ್ತಾ ಬೀಗ ಹಾಕಿಕೊಂಡಿರುತ್ತವೆ.

ವಿದ್ಯಾರ್ಥಿ ಮಿತ್ರರೇ, ಈ ಮಾತು ಈಗ ನಿಮ್ಮ ಕಡೆಗೆ. ಕಾಲೇಜಿನ ಗೆಳೆಯರು ಕೂಡಿ ಎರಡು ದಿನಕ್ಕೆ ಎಲ್ಲಿಗಾದರೂ ಹೋಗೋಣವೆನ್ನುವುದರಲ್ಲಿ ತಪ್ಪಿಲ್ಲ. ನಮ್ಮ ಸಲಹೆ ಕೇಳುವುದಾದರೆ, ಬೆಟ್ಟದ ತುದಿಯ ಬದಲು ಪಟ್ಟಣಕ್ಕೇ ಹೋಗಿರಿ. ಮೈಸೂರು, ಧಾರವಾಡ, ಶಿರಸಿ, ಸಾಗರ, ಯಾವುದೂ ಆದೀತು. ಬಸ್ ನಿಲ್ದಾಣದ ಸುತ್ತ ಹತ್ತಿಪ್ಪತ್ತು ವರ್ಷಗಳಿಂದ ನಡೆಯುತ್ತಿರುವ ಲಾಡ್ಜುಗಳಿವೆ. ಆ ಕೋಣೆ ಈಗಾಗಲೇ ಕಟ್ಟಿಯಾಗಿದೆ, ಅದಕ್ಕಾಗಿ ಹೊಸ ಗುಡ್ಡ ಕಡಿಯಬೇಕಾಗಿಲ್ಲ. ನಡೆದುಹೋಗುವ ದೂರದಲ್ಲಿ ಖಾನಾವಳಿಯಿದೆ. ನೋಡಬೇಕಾದ ಕಾಡಿಗೆ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ತಿರುಗಿ ಬನ್ನಿರಿ. ಕಾಡಿಗೆ ರಾತ್ರಿ ನಿಮ್ಮ ದೀಪವೂ ಬೇಡ, ಹಾಡೂ ಬೇಡ. ಹಳ್ಳಿಯಲ್ಲಿಯೇ ಉಳಿಯಬೇಕೆಂದರೆ ಮುಂಗಡ ಹಣ ಕೊಡುವ ಮೊದಲು ಫೋನು ಮಾಡಿ ವಿಚಾರಿಸಿರಿ. ಮನೆಯವರು ಆ ಮನೆಯಲ್ಲೇ ಇರುತ್ತಾರೆಯೇ? ನೀರು ಬಾವಿಯದೋ, ಟ್ಯಾಂಕರಿನದೋ? ಕೊಳೆನೀರಿಗೆ ಗುಂಡಿಯಿದೆಯೇ, ಅದು ಹಳ್ಳದಿಂದ ಎಷ್ಟು ದೂರ? ಸಿಟ್ಟಿಗೆದ್ದು ಫೋನು ಇಟ್ಟರೆ ಬೇರೆ ಮನೆ ಹುಡುಕಿರಿ. ಜನರು ನಕ್ಷತ್ರ ನೋಡಿ ಕೋಣೆ ಆರಿಸುವಷ್ಟು ಕಾಲವೂ ಒಡೆಯನು ಹಾಸಿಗೆಯ ಬಿಳುಪನ್ನೇ ನೋಡಿಕೊಳ್ಳುತ್ತಾನೆ. ಬಾವಿಯನ್ನು ಕೇಳುವವರು ಹತ್ತು ಜನ ಹುಟ್ಟಿದರೆ ಬಾವಿಯ ಕಡೆಗೂ ಕಣ್ಣು ಹಾಯಿಸುತ್ತಾನೆ.

ಊರಿನ ಹಿರಿಯರು ಮಾಡಬೇಕಾದ ಕೆಲಸ ಬೇರೆ. ಕಟ್ಟಡಕ್ಕೆ ಪರವಾನಗಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ ಪಂಚಾಯಿತಿಗಿದೆ. ಕೃಷಿಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಬೇಕೆಂದರೆ 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಪರಿವರ್ತನೆ ಆಗಲೇಬೇಕು. ಆಗಿದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲು ಹತ್ತು ರೂಪಾಯಿ ಸಾಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಬರೆಯಬೇಕು. ಆ ದಾಖಲಾತಿಯಲ್ಲಿ ಗಿಡಮೂಲಿಕೆಗಳ ಹೆಸರಿನೊಡನೆ ಕೆರೆಗೆ ನೀರು ಹರಿದು ಬರುವ ಹಳ್ಳಗಳು, ಬೇಸಿಗೆಯಲ್ಲಿಯೂ ಬತ್ತದ ಒರತೆಗಳು, ಅವುಗಳ ಮೇಲ್ಭಾಗದ ಸರ್ವೆ ನಂಬರುಗಳೂ ಬರಬೇಕು. ಅಲ್ಲಿ ಬರೆದಿಟ್ಟ ಸರ್ವೆ ನಂಬರಿಗೆ ಪರಿವರ್ತನೆ ಕೇಳಿ ಅರ್ಜಿ ಬಂದ ದಿನ ಪಂಚಾಯಿತಿಯ ಕೈಯಲ್ಲಿ ಆಕ್ಷೇಪಣೆಗೆ ಒಂದು ಕಾಗದವಿರುತ್ತದೆ. ಮುಂದಿನ ಗ್ರಾಮಸಭೆಗೆ ಈ ಒಂದು ವಿಷಯವನ್ನು ಬರಹದಲ್ಲಿ ಕೊಡಿರಿ. ಪಹಣಿ ಮತ್ತು ನಕ್ಷೆ ಓದಬಲ್ಲ ಕಾಲೇಜಿನ ಹುಡುಗರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತದೆಂದು ಹೇಳಲು ದನ ಕಾಯುವ ಅಜ್ಜನನ್ನೂ ಕರೆದೊಯ್ಯಿರಿ, ಅವನ ಮಾತನ್ನು ಹುಡುಗರು ಬರೆದುಕೊಳ್ಳಲಿ.